ಮನೆ ಕೊಳ್ಳುವ ಮುನ್ನ

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂಬುದು ನಮ್ಮ ಹಿರಿಯರ ಮಾತು. ಈ ಗಾದೆ ಹುಟ್ಟಿದುದು ಹಳ್ಳಿಯಲ್ಲಿ. ಅಲ್ಲಿ ಹಿತ್ತಿಲಿನ ಮಣ್ಣು, ಗುಡ್ಡದ ಕಲ್ಲು, ತೋಟದ ಮರ ಇವುಗಳಿಂದ ಮನೆ ಏಳುತ್ತದೆ. ನೆಲವಂತೂ ಅಜ್ಜನ ಕಾಲದಿಂದ ಬಂದುದು. ಮುಂಬಯಿಗೆ ಹೊಟ್ಟೆಪಾಡಿಗಾಗಿ ಬಂದ ನಮಗೆ ಆ ಅನುಕೂಲವಿಲ್ಲ. ನಮ್ಮ ಮಲಾಡಿನ ಗಣಿಗಳಿಂದ ತೆಗೆದ ನಸುಹಳದಿ ಕಲ್ಲು ದಕ್ಷಿಣ ಮುಂಬಯಿಯ ದೊಡ್ಡ ವಸ್ತುಸಂಗ್ರಹಾಲಯದ ಗೋಡೆಗಳನ್ನು ಸೇರಿ ಶೋಭಿಸುತ್ತಿದೆ. ಆದರೆ ಮಲಾಡಿನಲ್ಲಿ ದುಡಿಯುವವನಿಗೆ ಇಲ್ಲಿಯೇ ಒಂದು ಖೋಲಿ ದೊರೆಯುವುದು ಸುಲಭವಲ್ಲ. ಆದುದರಿಂದ ಮನೆಯಲ್ಲಿ ಹಣ ಹೂಡುವುದೆಂದರೇನು, ಅದರ ಮೊದಲ ಪಾಠಗಳಾವುವು ಎಂಬುದನ್ನು ವಿದ್ಯಾರ್ಥಿಮಿತ್ರರು ಈಗಲೇ ಅರಿತಿರುವುದು ಒಳಿತು.

ಈ ವಿಷಯದಲ್ಲಿ ನಮಗೆ ದಾರಿ ತೋರಿದವರು ನಮ್ಮ ನಾಡಿನ ಕಡೆಯಿಂದ ಬಂದವರೇ ಎಂಬುದು ಅಭಿಮಾನದ ಸಂಗತಿ. ಕೆನರಾ ಜಿಲ್ಲೆಗಳಿಂದ ನೌಕರಿಗಾಗಿ ಮುಂಬಯಿ ಸೇರಿದ ಸಾರಸ್ವತ ಕುಟುಂಬಗಳು ಬಾಡಿಗೆ ಮನೆಗಳಲ್ಲಿ ಇಕ್ಕಟ್ಟಿನಿಂದ ಬಾಳುತ್ತಿದ್ದ ಕಾಲದಲ್ಲಿ, ಶ್ರೀಪಾದ ಸುಬ್ಬರಾವ್ ತಲಮಕಿ ಎಂಬ ಮಹನೀಯರು ಸಹಕಾರದ ಮಾರ್ಗವನ್ನು ಹಿಡಿದರು. ಅವರು 1906ರಲ್ಲಿ ತಮ್ಮ ಗುರುಗಳಾದ ಶಾಮರಾವ್ ವಿಠಲರ ಹೆಸರಿನಲ್ಲಿ ಸಹಕಾರಿ ಪತ್ತಿನ ಸಂಘವನ್ನು ಸ್ಥಾಪಿಸಿದರು; ಅದೇ ಮುಂದೆ ಬ್ಯಾಂಕಾಗಿ ಬೆಳೆಯಿತು. 1904ರ ಕಾಯದೆಯು ಸಾಲ ಕೊಡುವ ಸಂಘಗಳಿಗೆ ಮಾತ್ರ ಅವಕಾಶ ಕೊಟ್ಟಿದ್ದರೆ, 1912ರ ಕಾಯದೆಯು ಇತರ ಬಗೆಯ ಸಂಘಗಳಿಗೂ ಬಾಗಿಲು ತೆರೆಯಿತು. ಅದರ ಫಲವಾಗಿ 1915ರಲ್ಲಿ ಗಾಮದೇವಿಯಲ್ಲಿ ಸಾರಸ್ವತ ಸಹಕಾರಿ ಗೃಹನಿರ್ಮಾಣ ಸಂಘವು ಅಸ್ತಿತ್ವಕ್ಕೆ ಬಂದಿತು. ಅತ್ತ ಬೆಂಗಳೂರಿನಲ್ಲಿಯೂ 1909ರಷ್ಟು ಹಿಂದೆಯೇ ಇಂತಹ ಸಂಘವೊಂದು ಹುಟ್ಟಿತ್ತು. ಒಬ್ಬನಿಂದ ಆಗದ ಕೆಲಸ ಹತ್ತು ಜನರಿಂದ ಆಗುವುದೆಂಬುದೇ ಇವುಗಳ ತಿರುಳು.

ಇಂದಿಗೂ ಈ ನಗರದಲ್ಲಿ ಮನೆಯ ಒಡೆತನ ಬಹುಮಟ್ಟಿಗೆ ಈ ತತ್ತ್ವದ ಮೇಲೆಯೇ ನಿಂತಿದೆ. ನಾವು ‘ಫ್ಲ್ಯಾಟ್ ಕೊಂಡೆವು’ ಎನ್ನುತ್ತೇವೆ. ವಾಸ್ತವದಲ್ಲಿ ನಮ್ಮ ಕೈಗೆ ಬರುವುದು ಸೊಸೈಟಿಯ ಸದಸ್ಯತ್ವ, ಅದರ ಷೇರು ಪತ್ರ ಮತ್ತು ಆ ಫ್ಲ್ಯಾಟಿನ ಹಕ್ಕು. ನೆಲವು ಸೊಸೈಟಿಯ ಹೆಸರಿನಲ್ಲಿರಬೇಕು. ಕಟ್ಟಿದವನು ನೆಲದ ಹಕ್ಕನ್ನು ಸೊಸೈಟಿಗೆ ಬರೆದುಕೊಡುವುದಕ್ಕೆ ‘ಕನ್ವೇಯನ್ಸ್’ ಎನ್ನುತ್ತಾರೆ. 1963ರ ಮಹಾರಾಷ್ಟ್ರದ ಕಾಯದೆಯು ಇದನ್ನು ಕಡ್ಡಾಯ ಮಾಡಿತು. ಆದರೂ ಬರೆದುಕೊಡದವರು ಅನೇಕರಿದ್ದುದರಿಂದ, 2008ರ ತಿದ್ದುಪಡಿಯು ಸೊಸೈಟಿಗಳು ಅಧಿಕಾರಿಯ ಮೂಲಕ ಆ ಹಕ್ಕನ್ನು ಪಡೆಯಲು ಅವಕಾಶ ಕಲ್ಪಿಸಿತು. ಕಟ್ಟಡವು ವರ್ಷಗಳು ಕಳೆದಂತೆ ಸವೆಯುತ್ತದೆ. ಬೆಲೆ ಏರುವುದು ನೆಲಕ್ಕೆ. ಹಳೆಯ ಕಟ್ಟಡವನ್ನು ಕೆಡವಿ ಹೊಸದಾಗಿ ಕಟ್ಟುವ ದಿನ ಬಂದಾಗ, ನೆಲ ಯಾರದೆಂಬ ಪ್ರಶ್ನೆಯೇ ಮೊದಲು ಏಳುತ್ತದೆ.

ಇನ್ನು ಲೆಕ್ಕಕ್ಕೆ ಬರೋಣ. ಉದಾಹರಣೆಗಾಗಿ ಮನೆಯ ಬೆಲೆ 50 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳಿ. ರಿಸರ್ವ್ ಬ್ಯಾಂಕಿನ ನಿಯಮದಂತೆ ಈ ಮೊತ್ತದ ಸಾಲಕ್ಕೆ ಬ್ಯಾಂಕುಗಳು ಬೆಲೆಯ ನೂರಕ್ಕೆ 80ರಷ್ಟನ್ನು ಮಾತ್ರ ಕೊಡಬಹುದು. ಅಂದರೆ 40 ಲಕ್ಷ. ಉಳಿದ 10 ಲಕ್ಷ ನಮ್ಮದೇ ಆಗಬೇಕು. ಮುಂಬಯಿಯಲ್ಲಿ ಮುದ್ರಾಂಕ ಶುಲ್ಕ ನೂರಕ್ಕೆ 6ರಂತೆ 3 ಲಕ್ಷ. ಮನೆಯನ್ನು ಹೆಣ್ಣುಮಕ್ಕಳ ಹೆಸರಿನಲ್ಲಿ ಕೊಂಡರೆ ನೂರಕ್ಕೆ 1ರಷ್ಟು ರಿಯಾಯಿತಿಯುಂಟು. ನೋಂದಣಿಗೆ 30,000. ಹೀಗೆ ಮೊದಲ ದಿನವೇ 13 ಲಕ್ಷಕ್ಕೂ ಮಿಕ್ಕಿದ ಹಣ ಕೈಯಲ್ಲಿರಬೇಕು.

40 ಲಕ್ಷದ ಸಾಲಕ್ಕೆ ಬಡ್ಡಿ ನೂರಕ್ಕೆ 8.5, ಅವಧಿ 20 ವರ್ಷ ಎಂದಾದರೆ ತಿಂಗಳ ಕಂತು ಸುಮಾರು 34,700 ರೂಪಾಯಿ. ಅವಧಿ ಮುಗಿಯುವಾಗ ಕಟ್ಟಿದ ಬಡ್ಡಿಯೇ 43 ಲಕ್ಷ. ಎಂದರೆ ಸಾಲದ ಅಸಲಿಗಿಂತ ಹೆಚ್ಚು! “ಬಾಡಿಗೆಯಿಂದ ಸಾಲ ತಾನಾಗಿಯೇ ತೀರುತ್ತದೆ” ಎಂದು ದಲ್ಲಾಳಿಗಳು ಹೇಳುವುದುಂಟು. ಅದನ್ನೂ ಗುಣಿಸಿ ನೋಡೋಣ. ತಿಂಗಳಿಗೆ 15,000 ಬಾಡಿಗೆ ಬಂದರೆ ವರ್ಷಕ್ಕೆ 1 ಲಕ್ಷ 80 ಸಾವಿರ. ಮೊದಲ ವರ್ಷದ ಬಡ್ಡಿಯೇ ಸುಮಾರು 3 ಲಕ್ಷ 40 ಸಾವಿರ. ಸೊಸೈಟಿಯ ತಿಂಗಳ ಖರ್ಚು, ಆಸ್ತಿ ತೆರಿಗೆ, ದುರಸ್ತಿ, ಮನೆ ಖಾಲಿ ಬೀಳುವ ತಿಂಗಳುಗಳು ಇವೆಲ್ಲ ಬೇರೆ. ಆದುದರಿಂದ ಹೊಸಬನಿಗೆ ಮೊದಲ ಮನೆ ವಾಸಕ್ಕಾಗಿಯೇ ಇರಲಿ; ಲಾಭದ ಮಾತು ಆಮೇಲೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು.

ಹಣಕ್ಕಿಂತಲೂ ಮುಖ್ಯವಾದುದು ಕಾಗದಪತ್ರ. 2016ರ ಕೇಂದ್ರ ಕಾಯದೆಯಂತೆ ಮಹಾರಾಷ್ಟ್ರದಲ್ಲಿ 2017ರಿಂದ ‘ಮಹಾರೇರಾ’ ಪ್ರಾಧಿಕಾರ ಕೆಲಸ ಮಾಡುತ್ತಿದೆ. ನಿಗದಿಯಾದ ಮಿತಿಗಿಂತ ದೊಡ್ಡದಾದ ಹೊಸ ಯೋಜನೆಗಳು ಅಲ್ಲಿ ನೋಂದಣಿಯಾಗದೆ ಮಾರಾಟಕ್ಕೆ ಬರುವಂತಿಲ್ಲ. ಕೊಳ್ಳುವವರಿಂದ ಬಂದ ಹಣದ ನೂರಕ್ಕೆ 70 ಭಾಗವನ್ನು ಕಟ್ಟುವವನು ಆ ಯೋಜನೆಗೆಂದೇ ಬೇರೆ ಖಾತೆಯಲ್ಲಿಡಬೇಕು. ಕರಾರು ನೋಂದಣಿಯಾಗುವ ಮೊದಲು ಬೆಲೆಯ ನೂರಕ್ಕೆ 10ಕ್ಕಿಂತ ಹೆಚ್ಚು ಕೇಳುವಂತಿಲ್ಲ. ಮನೆಯ ಅಳತೆಯನ್ನು ‘ಕಾರ್ಪೆಟ್’ ಕ್ಷೇತ್ರದಲ್ಲಿ, ಎಂದರೆ ನಾವು ನಿಜವಾಗಿ ಬಳಸುವ ಒಳನೆಲದ ಲೆಕ್ಕದಲ್ಲಿ ಹೇಳಬೇಕು. ಹಳೆಯ ಮನೆಯಾದರೆ ಹಿಂದಿನ ಎಲ್ಲ ಕರಾರುಗಳ ಸರಪಳಿ, ಷೇರು ಪತ್ರ, ಸೊಸೈಟಿಗೆ ಬಾಕಿಯಿಲ್ಲವೆಂಬ ಪತ್ರ, ನಗರಪಾಲಿಕೆ ಕೊಟ್ಟ ವಾಸಯೋಗ್ಯತಾ ಪತ್ರ ಇವನ್ನು ವಕೀಲರಿಗೆ ತೋರಿಸಬೇಕು. ಮನೆಯನ್ನು ಬಾಡಿಗೆಗೆ ಕೊಡುವುದಾದರೂ ಬರವಣಿಗೆಯ ಕರಾರು ಬೇಕು. 1999ರ ಬಾಡಿಗೆ ನಿಯಂತ್ರಣ ಕಾಯದೆಯು ಅದರ ನೋಂದಣಿಯ ಹೊಣೆಯನ್ನು ಮನೆಯ ಒಡೆಯನ ಮೇಲೆಯೇ ಹೊರಿಸಿದೆ.

ಕಾಗದವಿಲ್ಲದ ಖೋಲಿ ಅಗ್ಗವಾಗಿ ದೊರೆಯುತ್ತದೆ, ನಿಜ. ಆದರೆ ಅನುಮತಿ ಪಡೆಯದೆ ಎತ್ತರಿಸಿದ ಗೋಡೆಯನ್ನು ಪರೀಕ್ಷಿಸುವವರು ಯಾರು? 2021ರ ಜೂನ್ 9ರ ರಾತ್ರಿ ನಮ್ಮ ಮಲಾಡಿನ ಮಾಲ್ವಣಿಯಲ್ಲಿ ಅಂತಹ ಕಟ್ಟಡವೊಂದು ಮಳೆಯಲ್ಲಿ ಕುಸಿದು ಹನ್ನೆರಡು ಜನರು ಮೃತರಾದರು. ಅವರಲ್ಲಿ ಎಂಟು ಮಂದಿ ಮಕ್ಕಳು. ಬಡವನು ಅಜ್ಞಾನದಿಂದ ಅಲ್ಲಿಗೆ ಹೋಗುತ್ತಾನೆಂದು ನಾವು ಹೇಳುವುದಿಲ್ಲ. ಬೇರೆ ಗತಿಯಿಲ್ಲದೆಯೇ ಹೋಗುತ್ತಾನೆ. ಆದರೂ ಆಯ್ಕೆಗೆ ಎಳ್ಳಷ್ಟಾದರೂ ಅವಕಾಶವಿರುವವರು, ಜೀವಮಾನದ ಉಳಿತಾಯವನ್ನು ಸುರಿಯುವ ಮುನ್ನ ಈ ಪ್ರಶ್ನೆಯನ್ನು ಕೇಳಲೇಬೇಕು.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಅನೇಕರ ತಂದೆತಾಯಿಗಳು ಹೋಟೆಲುಗಳಲ್ಲಿ, ಅಂಗಡಿಗಳಲ್ಲಿ, ಕಟ್ಟಡದ ಕೆಲಸಗಳಲ್ಲಿ ದುಡಿಯುವವರು. ಅವರಿಗೆ ಬರುವುದು ಕನ್ನಡ. ಸಹಿ ಹಾಕಬೇಕಾದ ಕಾಗದಗಳು ಮರಾಠಿ, ಇಂಗ್ಲಿಷುಗಳಲ್ಲಿರುತ್ತವೆ. ಶಾಲೆಯಲ್ಲಿ ಮೂರು ಭಾಷೆಗಳನ್ನೂ ಬಡ್ಡಿಯ ಲೆಕ್ಕವನ್ನೂ ಕಲಿತವರು ನಿಮ್ಮ ಮನೆಯಲ್ಲಿ ನೀವೇ. ಕರಾರು ಪತ್ರ ಮನೆಗೆ ಬಂದ ದಿನ, ಸಹಿಗೆ ಮೊದಲು, ಅದನ್ನು ಸಾಲುಸಾಲಾಗಿ ಓದಿ ಅವರಿಗೆ ಕನ್ನಡದಲ್ಲಿ ತಿಳಿಸಿ ಹೇಳಿರಿ. ತಿಳಿಯದ ಮಾತಿಗೆ ಗೆರೆ ಎಳೆದು ವಕೀಲರನ್ನು ಕೇಳಿರಿ. ಮನೆಯ ಮೊದಲ ಕಲ್ಲನ್ನು ಭದ್ರವಾಗಿ ಇಡುವ ಕೆಲಸ ಅಲ್ಲಿಂದಲೇ ಪ್ರಾರಂಭವಾಗುತ್ತದೆ.