ಮೇಲ್ಗಡೆ ಹೊಲ, ಕೆಳಗಡೆ ಗದ್ದೆ: ವಿ.ಸಿ. ನಾಲೆ ಏರಿಯಲ್ಲಿ ಸೈಕಲ್ ಸವಾರಿ

ಮಂಡ್ಯ ಸಮತಟ್ಟಾದ ಸೀಮೆ ಎನ್ನುವವರು ಅದನ್ನು ರೈಲಿನ ಕಿಟಕಿಯಿಂದ ನೋಡಿದವರೇ ಇರಬೇಕು. ಸೈಕಲ್ ತುಳಿದವರ ಮೊಣಕಾಲು ಬೇರೆ ಮಾತು ಹೇಳುತ್ತದೆ. ಊರಿಂದೂರಿಗೆ ಯಾವ ರಸ್ತೆ ಹಿಡಿದರೂ ಒಂದು ದಿಣ್ಣೆ ಹತ್ತಬೇಕು, ಹಳ್ಳಕ್ಕಿಳಿಯಬೇಕು, ಮತ್ತೊಂದು ದಿಣ್ಣೆ ಎದುರಾಗುತ್ತದೆ. ಇಷ್ಟೆಲ್ಲ ಏರಿಳಿತದ ನಡುವೆ ಮಟ್ಟಸವಾಗಿ ಸಾಗುವುದು ನಾಲೆಯೊಂದೇ. ಕೃಷ್ಣರಾಜಸಾಗರದ ಎಡದಂಡೆಯಿಂದ ಹೊರಟು, ಪಾಂಡವಪುರದ ಸೀಮೆ ಹಾದು, ಮಂಡ್ಯ, ಮದ್ದೂರು, ಮಳವಳ್ಳಿಯತ್ತ ಕವಲೊಡೆಯುವ ವಿಶ್ವೇಶ್ವರಯ್ಯ (ವಿ.ಸಿ.) ನಾಲೆಯ ಮಗ್ಗುಲಲ್ಲಿ ಏರಿಯ ದಾರಿಯಿದೆ. ಅದನ್ನು ಮಾಡಿದ್ದು ಎಂಜಿನಿಯರುಗಳ ಜೀಪು ಓಡಾಡಲೆಂದು, ನೀರುಗಂಟಿಗಳು ತೂಬು ನೋಡಿಕೊಳ್ಳಲೆಂದು. ವಿಹಾರಕ್ಕೆ ಬರುವವರ ಲೆಕ್ಕ ಅದನ್ನು ಮಾಡಿದವರ ತಲೆಯಲ್ಲಿ ಇರಲಿಲ್ಲ.

ಈಗ ಅಲ್ಲಿಗೆ ಹೊಸ ಬಗೆಯ ಸೈಕಲ್ ಹೊಂದುತ್ತದೆ. ಗ್ರಾವೆಲ್ ಬೈಕ್ ಎಂದರೆ ರೇಸ್ ಸೈಕಲ್ಲಿನಂತೆ ಬಾಗಿದ ಹ್ಯಾಂಡಲ್, ಆದರೆ ಅದಕ್ಕಿಂತ ಅಗಲವಾದ, ಹೆಚ್ಚುಕಮ್ಮಿ 40 ಮಿ.ಮೀ. ಟೈರು, ಡಿಸ್ಕ್ ಬ್ರೇಕು. ಟಾರಿನ ಮೇಲೆ ಓಡಬಲ್ಲದು, ಜಲ್ಲಿ ಮಣ್ಣಿನ ಮೇಲೂ ಜಾರದೆ ಹೋಗಬಲ್ಲದು. ಅಮೆರಿಕದ ಕಾನ್ಸಾಸ್ ರಾಜ್ಯದ ಹುಲ್ಲುಗಾವಲಿನಲ್ಲಿ 2006ರಲ್ಲಿ ಶುರುವಾದ ಇನ್ನೂರು ಮೈಲಿಯ ಪಂದ್ಯ ಈ ಆಟಕ್ಕೆ ಹೆಸರು ತಂದಿತು. 2022ರಲ್ಲಿ ಇದರ ಮೊದಲ ವಿಶ್ವ ಚಾಂಪಿಯನ್‌ಶಿಪ್ ಇಟಲಿಯ ವೆನೆಟೊ ಬಯಲಿನಲ್ಲಿ ನಡೆಯಿತು. ಅದಿರಲಿ, ಕ್ಯಾರಿಯರ್ ಮೇಲೆ ಹುಲ್ಲಿನ ಹೊರೆ ಕಟ್ಟಿಕೊಂಡು ಇದೇ ಏರಿಯಲ್ಲಿ ಓಡಾಡುವ ಅಟ್ಲಾಸ್, ಹರ್ಕ್ಯುಲಿಸ್ ಸೈಕಲ್ಲುಗಳಿಗೆ ಯಾರೂ ಪದಕ ಕೊಟ್ಟಿಲ್ಲ. ಹೊಸ ಸೈಕಲ್ ನಿಲ್ಲಿಸಿದಲ್ಲೆಲ್ಲ ಊರವರು ಮೊದಲು ಬೆಲೆ ಕೇಳುತ್ತಾರೆ. ಆಮೇಲಿನ ಪ್ರಶ್ನೆ: ‘ಅಷ್ಟ್ ದುಡ್ ಕೊಟ್ರೂ ಒಂದ್ ಕ್ಯಾರಿಯರ್ ಹಾಕ್ಕೊಡ್ಲಿಲ್ವಾ ಸ್ವಾಮಿ? ಸ್ಟ್ಯಾಂಡೂ ಇಲ್ಲ!’ ಇದಕ್ಕೆ ತೃಪ್ತಿಕರ ಉತ್ತರ ಇದುವರೆಗೆ ಯಾವ ಕಂಪನಿಯೂ ಕೊಟ್ಟಂತಿಲ್ಲ.

ನಾಲೆ ಮಟ್ಟಸವಾಗಿರುವುದಕ್ಕೆ ಕಾರಣ ಸರಳ. ನೀರು ತನ್ನ ಭಾರದಿಂದಲೇ ಹರಿಯಬೇಕು, ಆದಷ್ಟು ದೂರ ಹೋಗಬೇಕು, ಎತ್ತರವನ್ನು ಮಾತ್ರ ಬೇಗ ಕಳೆದುಕೊಳ್ಳಬಾರದು. ಹಾಗಾಗಿ ನಾಲೆಯನ್ನು ಇಳಿಜಾರಿನ ಒಂದೇ ಎತ್ತರದ ಗೆರೆ ಹಿಡಿದು, ಕಣ್ಣಿಗೆ ಗೊತ್ತಾಗದಷ್ಟು ವಾಟ ಕೊಟ್ಟು ತೋಡಿದ್ದಾರೆ. ದಿಣ್ಣೆ ಅಡ್ಡ ಬಂದರೆ ಅದು ಸುತ್ತಿಕೊಂಡು ಹೋಗುತ್ತದೆ. ಎದುರಿಗೆ ಕಾಣುವ ಊರಿಗೆ ಹೆದ್ದಾರಿ ನೇರ ನುಗ್ಗಿದರೆ ನಾಲೆ ಮೂರು ಬಾಗು ಬಳಸುತ್ತದೆ. ಸವಾರನಿಗೆ ದೂರ ಹೆಚ್ಚು, ಉಸಿರು ಕಡಿಮೆ.

ಈ ಗೆರೆಯ ಇನ್ನೊಂದು ಪರಿಣಾಮವನ್ನು ಕಾರಿನಲ್ಲಿ ಹೋದವರು ಗಮನಿಸುವುದು ಕಷ್ಟ; ಏರಿಯ ಮೇಲೆ ಹದಿನೈದು ಕಿಲೋಮೀಟರ್ ವೇಗದಲ್ಲಿ ಹೋಗುವಾಗ ತಪ್ಪಿಸಿಕೊಳ್ಳಲಾಗದು. ನೀರು ಮೇಲಕ್ಕೆ ಹತ್ತುವುದಿಲ್ಲವಾದ್ದರಿಂದ ನಾಲೆಯ ಒಂದು ಮಗ್ಗುಲಿಗೆ ಮಾತ್ರ ಅದರ ಫಲ. ಕೆಳಗಡೆ ಭತ್ತದ ಗದ್ದೆ, ಕಬ್ಬು, ಬದುವಿನ ತೆಂಗು. ಮೇಲ್ಗಡೆ ರಾಗಿ, ಹುರುಳಿ, ಅವರೆ, ಅಲ್ಲಲ್ಲಿ ಜಾಲಿ. ನಡುವೆ ಇರುವುದು ಒಂದು ನಾಲೆಯ ಅಗಲವಷ್ಟೇ. ಅಣ್ಣನ ಪಾಲು ಗದ್ದೆಗೆ ಬಂದು ತಮ್ಮನ ಪಾಲು ಹೊಲಕ್ಕೆ ಹೋದ ಮನೆಗಳ ಕಥೆ ಈ ಸೀಮೆಯಲ್ಲಿ ಕಡಿಮೆಯೇನಲ್ಲ. ಮೇಲ್ಗಡೆಯವರು ಸುಮ್ಮನೆ ಕೂತಿಲ್ಲ. ನಾಲೆಗೆ ಇಳಿಬಿಟ್ಟ ಪೈಪುಗಳು, ಗಿಡದ ಮರೆಯ ಪಂಪುಗಳು ಸೈಕಲ್ಲಿನವನ ಕಣ್ಣಿಗೆ ಬೀಳುತ್ತವೆ. ನೋಡಿಯೂ ನೋಡದಂತೆ ಮುಂದೆ ಹೋಗುವುದು ಲೇಸು.

ಕೃಷ್ಣರಾಜಸಾಗರದ, ಅಂದರೆ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾದದ್ದು 1911ರಲ್ಲಿ. ಎಡದಂಡೆಯ ಈ ನಾಲೆ ಮೈಗೂಡಿದ್ದು ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ. ಅದಕ್ಕೆ ಮೊದಲು ಇಟ್ಟದ್ದು ವೈಸರಾಯ್ ಇರ್ವಿನ್ ಅವರ ಹೆಸರು. ವಿಶ್ವೇಶ್ವರಯ್ಯನವರ ಹೆಸರು ಬಂದದ್ದು ಆಮೇಲೆ. ನೀರಿನ ಜೊತೆಗೆ ಹೊಸ ತೆರಿಗೆಯ ಭಾರವೂ ಬಂದಾಗ 1930ರ ದಶಕದ ಆರಂಭದಲ್ಲಿ ರೈತರು ಚಳವಳಿಗಿಳಿದಿದ್ದರು ಎಂಬುದನ್ನು ನಾಲೆಯ ಗುಣಗಾನ ಮಾಡುವವರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಅದರ ಹಿಂದೆ ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಅವರ ಪಟ್ಟು ಇತ್ತು. 1939ರಲ್ಲಿ ಮಂಡ್ಯವೇ ಒಂದು ಜಿಲ್ಲೆಯಾಯಿತು. ನಾಲೆ ಇಲ್ಲದಿದ್ದರೆ ಜಿಲ್ಲೆ ಆಗುತ್ತಿತ್ತೇ ಎಂಬ ಅನುಮಾನ ನನಗಿದೆ.

ಇಡೀ ದಾರಿಯಲ್ಲಿ ನನಗೆ ಅತ್ಯಂತ ಇಷ್ಟದ ಜಾಗ, ದಾರಿಯೇ ಇಲ್ಲದ ಜಾಗ: ಹುಲಿಕೆರೆ ಸುರಂಗ. ಅಷ್ಟು ದೂರ ಎಲ್ಲ ದಿಣ್ಣೆಯನ್ನೂ ಬಳಸಿ ಬಂದ ನಾಲೆ ಇಲ್ಲಿ ಬಳಸಲಾಗದ ಗುಡ್ಡದ ಸಾಲಿಗೆ ಎದುರಾಗುತ್ತದೆ. ಸುಮಾರು 2.8 ಕಿ.ಮೀ. ಉದ್ದ, ಕುದುರೆ ಲಾಳದ ಆಕಾರದಲ್ಲಿ ಗುಡ್ಡ ಕೊರೆದು ನೀರನ್ನು ಆಚೆಗೆ ದಾಟಿಸಿದ್ದಾರೆ. ನೀರು ಕತ್ತಲಿಗೆ ಹೋಗುವ ಸದ್ದು ಸುರಂಗದ ಬಾಯಿಗೆ ಬರುವ ಮೊದಲೇ ಕೇಳುತ್ತದೆ. ಏರಿ ಅಲ್ಲಿಗೆ ಮುಗಿಯಿತು. ಸೈಕಲ್ಲಿನವನು ಹಳ್ಳಿ ರಸ್ತೆ ಹಿಡಿದು ಗುಡ್ಡ ಹತ್ತಿ, ಆಚೆ ಇಳಿದು, ಮತ್ತೆ ನಾಲೆಯನ್ನು ಹುಡುಕಿಕೊಳ್ಳಬೇಕು. ಬೆಳಗಿನಿಂದ ಏರನ್ನೇ ಕಾಣದ ಕಾಲಿಗೆ ಆ ಹತ್ತುವಿಕೆ ಭಾರವೆನಿಸುತ್ತದೆ. ಸುರಂಗ ಕೊರೆದವರು ನೀರಿಗೆ ಎಷ್ಟು ಎತ್ತರ ಉಳಿಸಿಕೊಟ್ಟರು ಎಂಬುದನ್ನು ಯಾವ ನಕ್ಷೆಗಿಂತಲೂ ಚೆನ್ನಾಗಿ ತೊಡೆಯ ಸ್ನಾಯು ತಿಳಿಸುತ್ತದೆ.

ಸುರಂಗದಾಚೆಗೆ ಬಯಲು ತೆರೆದುಕೊಳ್ಳುತ್ತದೆ. ನಾಲೆ ಶಾಖೆಗಳಾಗಿ, ಶಾಖೆ ಉಪನಾಲೆಗಳಾಗಿ, ಅದು ಸೀಳು ನಾಲೆಗಳಾಗಿ ಹರಿದು ಹಂಚಿ ಹೋಗುತ್ತದೆ. ಒಂದೊಂದು ಕವಲಿಗೂ ತೂಬು, ಒಂದೊಂದು ತೂಬಿಗೂ ತಗಾದೆ. ಮಂಡ್ಯದ ಮಗ್ಗುಲಲ್ಲೇ ವಿ.ಸಿ. ಫಾರಂ, 1931ರಲ್ಲಿ ನಾಲೆಯ ಜೊತೆಯಲ್ಲೇ ಹುಟ್ಟಿದ ಕೃಷಿ ಸಂಶೋಧನಾ ಕೇಂದ್ರ. ಭತ್ತ, ಕಬ್ಬಿಗೆ ಹೆಸರಾದ ಈ ನೀರಾವರಿ ಫಾರಮ್ಮಿನಲ್ಲೇ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೆ ಆಫ್ರಿಕಾದ ರಾಗಿಯನ್ನು ಕೂಡಿಸಿ ಇಂಡಾಫ್ ತಳಿಗಳನ್ನು ರೂಪಿಸಿದರು. ನಾಲೆಯ ಮೇಲ್ಗಡೆಯವರಿಗೆ ನಾಲೆಯ ಫಾರಂ ಕೊಟ್ಟ ಪಾಲು ಎಂದರೆ ಅದೇ.

ಹಸಿವಾಗುವುದೂ ಇಲ್ಲೇ. ಹೊಗೆ ಕಂಡ ಕಡೆ ಸೈಕಲ್ ತಿರುಗಿಸಿದರೆ ಆಲೆಮನೆ ಸಿಗುತ್ತದೆ. ಗಾಣದಿಂದ ಇಳಿದ ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದಿಯುತ್ತಿರುತ್ತದೆ. ಒಣಗಿದ ಕಬ್ಬಿನ ಸಿಪ್ಪೆಯೇ ಒಲೆಗೆ ಸೌದೆ. ಮಡ್ಡಿ ತೆಗೆಯುವವನು ಒಬ್ಬ, ಒಲೆಗೆ ಉಣಿಸುವವನು ಇನ್ನೊಬ್ಬ, ಪಾಕದ ಹದ ನೋಡುವ ಹಿರಿಯ ಮತ್ತೊಬ್ಬ. ಹದ ಒಂದು ಗಳಿಗೆ ತಪ್ಪಿದರೆ ಬೆಲ್ಲ ಗಟ್ಟಿಯಾಗದು, ಇಲ್ಲವೇ ಬಣ್ಣ ಕೆಡುತ್ತದೆ. ಬಣ್ಣ ಕೆಟ್ಟರೆ ಮಾರುಕಟ್ಟೆಯಲ್ಲಿ ಬೆಲೆ ಇಲ್ಲ. ಬಣ್ಣಕ್ಕಾಗಿ ಏನೇನೋ ಸುರಿಯುವುದೂ ನಡೆದೇ ಇದೆ. ಕಪ್ಪಗಿರುವ ಬೆಲ್ಲವನ್ನೇ ಕೇಳಿ ಕೊಳ್ಳುವುದು ಜಾಣತನ. ಬಿಸಿ ಬೆಲ್ಲ, ಒಂದು ಲೋಟ ಕಬ್ಬಿನ ಹಾಲು: ಸೈಕಲ್ ಅಂಗಡಿಯಲ್ಲಿ ಬಣ್ಣದ ಪೊಟ್ಟಣದಲ್ಲಿ ಮಾರುವ ಶಕ್ತಿಯ ಜೆಲ್ಲಿಯ ನೆನಪೂ ಆಗುವುದಿಲ್ಲ.

ಅಪಾಯದ ಮಾತು ಹೇಳದೆ ಮುಂದೆ ಹೋಗಲಾಗದು. 2018ರ ನವೆಂಬರ್ 24ರಂದು ಪಾಂಡವಪುರದ ಹತ್ತಿರ ಕನಗನಮರಡಿಯಲ್ಲಿ ಖಾಸಗಿ ಬಸ್ಸೊಂದು ಈ ನಾಲೆಗೆ ಉರುಳಿ 30 ಜನ ಸತ್ತರು. ಶಾಲೆಯಿಂದ ಮನೆಗೆ ಹೊರಟಿದ್ದ ಮಕ್ಕಳೂ ಅವರಲ್ಲಿದ್ದರು. ಆಮೇಲೂ ಕಾರುಗಳು ಬಿದ್ದಿವೆ. ತಡೆಗೋಡೆ ಕೆಲವೆಡೆ ಬಂದಿದೆ, ಬಹಳ ಕಡೆ ಇಲ್ಲ. ಸಿಮೆಂಟ್ ಹಾಕಿದ ನಾಲೆಯ ಓರೆ ಗೋಡೆ ಪಾಚಿ ಹಿಡಿದು ಜಾರುತ್ತದೆ. ನೀರು ತುಂಬಿ ಹರಿಯುವಾಗ ಬಿದ್ದರೆ ಈಜು ಬಲ್ಲವನಿಗೂ ಹತ್ತಿ ಬರುವುದು ಕಷ್ಟ. ಆದ್ದರಿಂದ ನೀರಿನ ಕಡೆಯ ಅಂಚು ಬಿಟ್ಟು ಗದ್ದೆಯ ಕಡೆಗೇ ತುಳಿಯಬೇಕು, ಕತ್ತಲಾದ ಮೇಲೆ ಏರಿ ಬಿಡಬೇಕು, ಇಬ್ಬರು ಅಕ್ಕಪಕ್ಕ ಹರಟುತ್ತಾ ಹೋಗಬಾರದು. ಎಮ್ಮೆ ಎದುರಾದರೆ ಇಳಿದು ನಿಲ್ಲಿ. ದಾರಿ ಮೊದಲಿನಿಂದಲೂ ಅದರದ್ದು.

ದಾರಿ ಎಲ್ಲ ಕಡೆ ಒಂದೇ ಸಮನಿಲ್ಲ. ಒಂದಷ್ಟು ದೂರ ಟಾರು, ಆಮೇಲೆ ಜಲ್ಲಿ, ಆಮೇಲೆ ಟ್ರ್ಯಾಕ್ಟರ್ ಚಕ್ರದ ಎರಡು ಜಾಡು. ಮಳೆ ಬಂದರೆ ಕೆಮ್ಮಣ್ಣು ಚಕ್ರಕ್ಕೆ ಮೆತ್ತಿ ಬ್ರೇಕಿನಲ್ಲಿ ಸಿಕ್ಕಿಕೊಳ್ಳುತ್ತದೆ. ಜಾಲಿ ಮುಳ್ಳಂತೂ ಖಂಡಿತ. ಟ್ಯೂಬ್‌ಲೆಸ್ ಟೈರಿದ್ದರೆ ಒಳ್ಳೆಯದು. ಹೆದ್ದಾರಿ ಹಿಡಿಯೋಣವೆಂದರೆ, ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರ್, ಎಂಜಿನ್ ಇಲ್ಲದ ವಾಹನ ಯಾವುದಕ್ಕೂ ಪ್ರವೇಶವಿಲ್ಲ. ಆ ರಸ್ತೆಯ ಪಕ್ಕದ ಸರ್ವಿಸ್ ರಸ್ತೆಯಲ್ಲಿ ಲಾರಿಗಳ ಜೊತೆ ಒರಸಿಕೊಂಡು ಹೋಗುವುದಕ್ಕಿಂತ ಮುಳ್ಳು ತೆಗೆಯುತ್ತಾ ಕೂರುವುದೇ ಮೇಲು.

ಬೆಂಗಳೂರಿನ ಸವಾರರಲ್ಲಿ ಹೆಚ್ಚಿನವರು ಕಟ್ಟೆಯ ಬಳಿ ಶುರುಮಾಡಿ ಮಂಡ್ಯಕ್ಕೆ ಬಂದು ನಿಲ್ಲಿಸುತ್ತಾರೆ. ಅವರು ನೋಡಿದ್ದು ನೀರು ಇರುವ ನಾಲೆ. ಮದ್ದೂರು, ಮಳವಳ್ಳಿಯ ಕಡೆಯ ಕೊನೆ ಭಾಗ ಬೇರೆಯೇ. ಅಲ್ಲಿ ಸೀಳು ನಾಲೆಯನ್ನು ಹುಡುಗರು ಜಿಗಿದು ದಾಟುತ್ತಾರೆ, ತಳದಲ್ಲಿ ಹೂಳು, ಜೊಂಡು. ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುವ ಸರದಿಯಲ್ಲಿ, ನೀರು ಬಿಟ್ಟರೆ ಮೇಲಿನವರ ಗದ್ದೆ ತುಂಬಿದ ಮೇಲೆ ಇಲ್ಲಿಗೆ ಬರಬೇಕು. ಬರುವಷ್ಟರಲ್ಲಿ ಕಟ್ಟು ಮುಗಿದಿರುತ್ತದೆ. ಪ್ರತಿ ಮಳೆಗಾಲದಲ್ಲೂ ಕಟ್ಟೆಯಲ್ಲಿ ನೀರು 124.80 ಅಡಿ ಮುಟ್ಟಿತೇ ಎಂದು ಇಡೀ ರಾಜ್ಯ ಪತ್ರಿಕೆಯಲ್ಲಿ ನೋಡುತ್ತದೆ. ಕೊನೆ ಭಾಗದವರು ಪತ್ರಿಕೆಯ ಜೊತೆಗೆ ತಮ್ಮ ಊರ ತೂಬನ್ನೂ ನೋಡುತ್ತಾರೆ. ಎರಡರಲ್ಲಿ ನಂಬುವುದು ತೂಬನ್ನು. ಕಟ್ಟೆ ತುಂಬಿದ ವರ್ಷವೂ ಬೋರ್‌ವೆಲ್ ಕೊರೆಸಿದ ಮನೆಗಳು ಇಲ್ಲಿವೆ.

ಆದ್ದರಿಂದ ನನ್ನ ಸಲಹೆ ತಲೆಕೆಳಗಿನದು: ಮದ್ದೂರಿಗೆ ರೈಲಿನಲ್ಲಿ ಬನ್ನಿ, ಸ್ಟೇಷನ್ನಿನಲ್ಲಿ ವಡೆ ತಿನ್ನಿ, ಕೊನೆಯಿಂದ ಕಟ್ಟೆಯ ಕಡೆಗೆ ತುಳಿಯಿರಿ. ಒಣ ಕಾಲುವೆಯಿಂದ ಹೊರಟು ನೀರು ಹೆಚ್ಚುತ್ತಾ ಹೋಗುವ ದಿಕ್ಕು ಅದು. ವಾಟ ಎಷ್ಟು ಸಣ್ಣದೆಂದರೆ ಮೇಲ್ಮುಖ ಹೋದರೂ ಕಾಲಿಗೆ ವ್ಯತ್ಯಾಸ ತಿಳಿಯದು. ತಿಳಿಯುವುದು ಗಾಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಡುವಣ ಗಾಳಿ ಎದುರಿಗೇ ಬೀಸುತ್ತದೆ. ನವೆಂಬರ್ ಆದರೆ ಗಾಳಿ ಮೂಡಣದಿಂದ ಬೆನ್ನಿಗೆ ಬರುತ್ತದೆ, ಭತ್ತ ಹೊಡೆ ಕಳೆದು ತೆನೆ ಬಾಗಿರುತ್ತದೆ, ನಾಲೆಯಲ್ಲೂ ಇನ್ನೂ ನೀರಿರುತ್ತದೆ. ಡಿಸೆಂಬರ್ ದಾಟಿದರೆ ಹಳ್ಳಿ ರಸ್ತೆಗಳ ತುಂಬ ರಾಗಿ, ಹುರುಳಿಯ ಒಕ್ಕಣೆ. ಆ ತೆನೆಯ ಮೇಲೆ ಕಾರು ಹತ್ತಿಸಿದರೆ ರೈತರಿಗೆ ಲಾಭ, ಸೈಕಲ್ ಹತ್ತಿಸಿದರೆ ನಿಮ್ಮ ಚೈನಿಗೆ ನಷ್ಟ.