ಹಾಲುತೊಂಡೆ ರೋಗವೂ ಕಿರು ಆರ್. ಎನ್. ಎ. ಗಳೂ

ರೇಷ್ಮೆಹುಳುವಿನ ಬೇನೆಗಳಿಗೆ ಕನ್ನಡನಾಡಿನ ಸಾಕಣೆಗಾರರು ಇಟ್ಟಿರುವ ಹೆಸರುಗಳು ಕಣ್ಣಿಗೆ ಕಂಡ ಲಕ್ಷಣವನ್ನು ಹಿಡಿದೇ ಹುಟ್ಟಿದವು. ಸತ್ತ ಹುಳು ಸುಣ್ಣದ ಕಡ್ಡಿಯಂತೆ ಬಿಳುಪೇರಿ ಗಟ್ಟಿಯಾದರೆ ಅದು ಸುಣ್ಣಕಟ್ಟು. ಹುಳುವಿನ ಮೈ ಬಾತು, ಅದು ತಟ್ಟೆಯ ಅಂಚಿನಲ್ಲಿ ಅಲೆದು, ಚರ್ಮವೊಡೆದೆಡೆಯಲ್ಲಿ ಹಾಲಿನಂತಹ ದ್ರವವು ಸುರಿದರೆ ಅದು ಹಾಲುತೊಂಡೆ. ಈ ಹಾಲು ವಾಸ್ತವವಾಗಿ ವಿಷಾಣುವನ್ನೊಳಗೊಂಡ ಸೂಕ್ಷ್ಮ ಹರಳುಗಳಿಂದ ತುಂಬಿದ ಹುಳುವಿನ ರಕ್ತವೇ ಆಗಿದೆ.

ಸೊಪ್ಪಿನೊಡನೆ ಹೊಟ್ಟೆಯನ್ನು ಸೇರಿದ ಹರಳು ಅಲ್ಲಿಯ ಕ್ಷಾರರಸದಲ್ಲಿ ಕರಗುತ್ತದೆ. ಬಿಡುಗಡೆಯಾದ ವಿಷಾಣುವು ಜೀವಕೋಶಗಳ ಕೇಂದ್ರವನ್ನು ಹೊಕ್ಕು ವೃದ್ಧಿಯಾಗುತ್ತದೆ. ಅದರ ಡಿ. ಎನ್. ಎ. ಯಲ್ಲಿ ಸುಮಾರು 1,28,000 ಅಕ್ಷರಜೋಡಿಗಳುಂಟು. ಹುಳುವಿಗೆ ಒಗ್ಗುವ ಉಷ್ಣತೆ 24ರಿಂದ 28 ಡಿಗ್ರಿ; ಬೀದರ, ಭಾಲ್ಕಿ, ಔರಾದ್ ಸೀಮೆಯ ಬೇಸಗೆಯಾದರೋ 40 ಡಿಗ್ರಿಯನ್ನು ಮೀರುವುದುಂಟು. ಉಷ್ಣದಿಂದ ಬಳಲಿದ ಹುಳುವನ್ನು ಈ ರೋಗವು ಸುಲಭವಾಗಿ ಹಿಡಿಯುತ್ತದೆ. ನಾಲ್ಕನೆಯ ಜ್ವರವೆದ್ದ ಮೇಲೆ ರೋಗವು ತೋರಿದರೆ, ಸೊಪ್ಪಿಗೂ ದುಡಿಮೆಗೂ ಹಾಕಿದುದೆಲ್ಲವೂ ವ್ಯರ್ಥವಾದಂತೆಯೇ ಸರಿ.

ಹುಳುವು ಈ ಶತ್ರುವಿನೆದುರು ಕೇವಲ ನಿರಾಯುಧವಾದುದಲ್ಲ. ವಿಷಾಣುವಿನ ಸಂದೇಶಗಳು ಕೆಲವೆಡೆ ಎದುರುಬದುರಾಗಿ ಹೆಣೆದುಕೊಂಡು ಜೋಡಿಯೆಳೆಯ ಆರ್. ಎನ್. ಎ. ಆಗುತ್ತವೆ. ಡೈಸರ್ ಎಂಬ ಪ್ರೋಟೀನು ಅದನ್ನು ಸುಮಾರು 20 ಅಕ್ಷರಗಳ ತುಣುಕುಗಳಾಗಿ ಕತ್ತರಿಸುತ್ತದೆ. ಆರ್ಗೋನಾಟ್ ಎಂಬ ಇನ್ನೊಂದು ಪ್ರೋಟೀನು ಒಂದೊಂದು ತುಣುಕನ್ನು ಹಿಡಿದು, ಅದಕ್ಕೆ ಹೊಂದುವ ಸಂದೇಶವನ್ನು ಹುಡುಕಿ ಕಡಿದುಹಾಕುತ್ತದೆ. ಒಂದು ಚರಣದ ತುಣುಕನ್ನು ಹಿಡಿದು ಓಲೆಗರಿಗಳ ರಾಶಿಯಿಂದ ಇಡೀ ಕೃತಿಯನ್ನು ಗುರುತಿಸುವ ಸಂಶೋಧಕನ ಕೆಲಸದಂತೆ. ಜೋಡಿಯೆಳೆಯ ಈ ಪ್ರಭಾವವನ್ನು 1998ರಲ್ಲಿ ತೋರಿಸಿಕೊಟ್ಟ ಫೈರ್ ಮತ್ತು ಮೆಲೊ ಅವರಿಗೆ 2006ರಲ್ಲಿ ನೊಬೆಲ್ ಪಾರಿತೋಷಕವು ಸಂದಿತು.

ಇದಲ್ಲದೆ ಹುಳುವಿನ ಸ್ವಂತ ಕಿರು ಆರ್. ಎನ್. ಎ. ಗಳೂ ಉಂಟು. ಸುಮಾರು 22 ಅಕ್ಷರಗಳ ಇವುಗಳ ಪೂರ್ವರೂಪವು ಕೋಶಕೇಂದ್ರದಲ್ಲಿ ಹುಟ್ಟಿ, ರ್‍ಯಾನ್ ಎಂಬ ಪ್ರೋಟೀನಿನ ನೆರವಿನಿಂದ ಹೊರಬರುತ್ತದೆ. ವಿಷಾಣುವಿನ ಚಾತುರ್ಯವಿರುವುದು ಇಲ್ಲಿಯೇ. 1956ರವರೆಗೆ ಬೀದರಿಗೆ ರಾಜಧಾನಿಯಾಗಿದ್ದ ಹೈದರಾಬಾದಿನಲ್ಲಿ, ಡಿ. ಎನ್. ಎ. ಬೆರಳಚ್ಚು ಮತ್ತು ರೋಗನಿದಾನ ಕೇಂದ್ರದ ಜೆ. ನಾಗರಾಜು ಮತ್ತು ಅವರ ಸಹೋದ್ಯೋಗಿಗಳು 2012ರಲ್ಲಿ ಪ್ರಕಟಿಸಿದ ಸಂಶೋಧನೆಯಂತೆ, ವಿಷಾಣುವು ತಾನೂ ಒಂದು ಕಿರು ಆರ್. ಎನ್. ಎ. ಯನ್ನು ಹುಟ್ಟಿಸಿ ರ್‍ಯಾನಿನ ಉತ್ಪತ್ತಿಯನ್ನು ಕುಗ್ಗಿಸುತ್ತದೆ. ಹೊರಬರುವ ದಾರಿ ಕಟ್ಟಿದುದರಿಂದ ಹುಳುವಿನ ಕಿರು ಆರ್. ಎನ್. ಎ. ಗಳು ಕಡಿಮೆಯಾಗುತ್ತವೆ, ವಿಷಾಣುವು ಹೆಚ್ಚುತ್ತದೆ. ಹೀಗೆ ಆಯುಧವು ಎರಡು ಪಕ್ಷಗಳಿಗೂ ಒಂದೇ ಆಗಿದೆ.

ಈ ಆಯುಧವನ್ನು ಹುಳುವಿನ ಪಕ್ಷಕ್ಕೆ ಬಲಪಡಿಸುವ ಪ್ರಯತ್ನವೂ ನಡೆದಿದೆ. ವಿಷಾಣುವಿಗೆ ಅತ್ಯಾವಶ್ಯಕವಾದ ನಾಲ್ಕು ಜೀನುಗಳ ತುಣುಕುಗಳನ್ನು, ಜೋಡಿಯೆಳೆಯಾಗುವಂತೆ ಅಳವಡಿಸಿ, ಹುಳುವಿನ ವಂಶದಲ್ಲಿಯೇ ಸೇರಿಸಲಾಯಿತು. 2013ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಸೋಂಕು ತಗುಲಿಸಿದಾಗ ಇಂತಹ ಹುಳುಗಳಲ್ಲಿ ನೂರಕ್ಕೆ 75ಕ್ಕಿಂತ ಹೆಚ್ಚು ಬದುಕಿದವು; ಸಾಧಾರಣ ಹುಳುಗಳಲ್ಲಿ ಉಳಿದುದು ನೂರಕ್ಕೆ 15ಕ್ಕಿಂತಲೂ ಕಡಿಮೆ.

ಆದರೆ ಪ್ರಯೋಗಶಾಲೆಯ ಜಯವು ಸಾಕಣೆಮನೆಯ ಶುಚಿತ್ವಕ್ಕೆ ಬದಲಾಗಲಾರದು. ರೋಗ ಹಿಡಿದ ಹುಳುವನ್ನು ಗುಣಪಡಿಸುವ ಮದ್ದಿಲ್ಲ. ಹರಳುಗಳು ಮಣ್ಣಿನಲ್ಲಿ ಬಹುಕಾಲ ಉಳಿಯಬಲ್ಲವು. ಆದುದರಿಂದ ಮೈಯೊಡೆಯುವ ಮೊದಲೇ ರೋಗದ ಹುಳುವನ್ನು ಆರಿಸಿ ತೆಗೆಯುವುದು, ಬ್ಲೀಚಿಂಗ್ ಪುಡಿ ಮತ್ತು ಸುಣ್ಣದ ನೀರಿನಿಂದ ಮನೆಯನ್ನು ತೊಳೆಯುವುದು, ಗಾಳಿಯನ್ನು ತಂಪಾಗಿಡುವುದು ಇವೇ ರೈತನ ಕೈಯಲ್ಲಿರುವ ರಕ್ಷೆಗಳು. ಹಾಲುತೊಂಡೆಯೆಂಬ ಹೆಸರನ್ನಿಟ್ಟವರ ಎಚ್ಚರದ ಕಣ್ಣು ಇಂದಿಗೂ ಬೇಕಾದುದೇ.