ಪಕ್ಕದ ಕ್ವಾರ್ಟರ್ಸ್‌ನ ಸದ್ದು: ಸೈನಿಕರ ಮನೆಯ ನೋವು ಯಾರ ಕಿವಿಗೆ ಬೀಳಬೇಕು?

ಅಪ್ಪ ಸೈನ್ಯದಲ್ಲಿದ್ದಾಗ ನಾವು ಉತ್ತರ ಭಾರತದ ಒಂದು ಕಂಟೋನ್ಮೆಂಟ್‌ನಲ್ಲಿ ಮೂರು ವರ್ಷ ಇದ್ದೆವು. ಆ ಸಾಲಿನಲ್ಲಿ ಕನ್ನಡದವರ ಮನೆ ಎರಡೇ. ಒಂದು ನಮ್ಮದು, ಇನ್ನೊಂದು ಗೋಡೆಯಾಚೆ ಹಾಸನ ಕಡೆಯ ಆಂಟಿಯದು. ಅವರ ಗಂಡ ಫೀಲ್ಡ್ ಪೋಸ್ಟಿಂಗ್ ಮುಗಿಸಿ ಬಂದ ಮೇಲೆ ರಾತ್ರಿ ಹೊತ್ತು ಪಾತ್ರೆ ಬೀಳುವ ಸದ್ದು ಶುರುವಾಯಿತು. ಆಗೆಲ್ಲ ಅಮ್ಮ ಟಿವಿ ವಾಲ್ಯೂಮ್ ಜಾಸ್ತಿ ಮಾಡೋರು. ನನಗಾಗ ಒಂಬತ್ತು ವರ್ಷ. ಯಾಕೆ ಅಂತ ಕೇಳಿದರೆ, 'ಸುಮ್ನೆ ಹೋಂವರ್ಕ್ ಮಾಡು' ಅನ್ನೋರು.

ಒಂದು ಮಧ್ಯಾಹ್ನ ಆಂಟಿ ಸಕ್ಕರೆ ಕೇಳೋಕೆ ಬಂದರು. ಲೋಟ ಚಾಚಿದ ಕೈಯ ಮಣಿಕಟ್ಟು ನೀಲಿಗಟ್ಟಿತ್ತು. ಅಮ್ಮ ಮೆಲ್ಲಗೆ, 'ಮೇಡಂಗೆ ಒಂದು ಮಾತು ಹೇಳೋಣ ಬಾರೇ' ಅಂದರು. ಮೇಡಂ ಅಂದರೆ ಕಮಾಂಡಿಂಗ್ ಆಫೀಸರ್ ಹೆಂಡತಿ.

'ಬೇಡ ಅಕ್ಕಾ. ಮೇಡಂಗೆ ಹೇಳಿದ್ರೆ ಸಾಹೇಬ್ರಿಗೆ ಗೊತ್ತಾಗುತ್ತೆ. ಸಾಹೇಬ್ರಿಗೆ ಗೊತ್ತಾದ್ರೆ ಇವರ ಪ್ರಮೋಷನ್ ಕೆಡುತ್ತೆ. ಆಮೇಲೆ ಆ ಸಿಟ್ಟೂ ನನ್ನ ಮೇಲೇ ಬರುತ್ತೆ.'

ಇಪ್ಪತ್ತು ವರ್ಷ ಕಳೆದಿದೆ. ಈಗ ನಾನು ಬೆಂಗಳೂರಿನಲ್ಲಿ ಫ್ಯಾಮಿಲಿ ಕೌನ್ಸೆಲಿಂಗ್ ಕ್ಷೇತ್ರದಲ್ಲೇ ಕೆಲಸ ಮಾಡ್ತೀನಿ. ಆಂಟಿ ಹೇಳಿದ ಆ ನಾಲ್ಕು ವಾಕ್ಯಗಳಲ್ಲೇ ಇಡೀ ಸಮಸ್ಯೆ ಇದೆ ಅಂತ ನನಗೆ ಈಗ ಅರ್ಥವಾಗುತ್ತದೆ.

ಈ ಮನೆಗಳ ಕಷ್ಟವೇ ಬೇರೆ

ಮೊದಲೇ ಒಂದು ಮಾತು. ಸೈನಿಕರೆಲ್ಲ ಮನೆಯಲ್ಲಿ ಕೈ ಎತ್ತುತ್ತಾರೆ ಅಂತ ನಾನು ಹೇಳ್ತಿಲ್ಲ. ನನ್ನಪ್ಪನ ಜೋರು ದನಿಯನ್ನೇ ನಾನು ಕೇಳಿದ್ದು ಕಮ್ಮಿ. ಯುದ್ಧದ ಆಘಾತ, ನಿದ್ದೆಯಿಲ್ಲದ ರಾತ್ರಿಗಳು ಕೆಲವರನ್ನು ಸಿಡುಕರನ್ನಾಗಿ ಮಾಡುತ್ತವೆ, ನಿಜ. ಆದರೆ ಅದೇ ಕಷ್ಟ ಉಂಡು ಬಂದ ಎಷ್ಟೋ ಜನ ಮನೆಯವರ ಮೇಲೆ ಕೈ ಮಾಡುವುದಿಲ್ಲ. ಆಘಾತಕ್ಕೆ ಚಿಕಿತ್ಸೆ ಬೇಕು, ಹೊಡೆತಕ್ಕೆ ಹೊಣೆಗಾರಿಕೆ ಬೇಕು. ಎರಡನ್ನೂ ಕಲಸಿಬಿಟ್ಟರೆ ಎರಡೂ ಸಿಗೋದಿಲ್ಲ.

ಆದರೆ ಫೌಜಿ ಮನೆಯಲ್ಲಿ ಹಿಂಸೆ ಶುರುವಾದರೆ ಹೊರಬರುವ ದಾರಿ ಕಿರಿದು. ಎರಡು ಮೂರು ವರ್ಷಕ್ಕೊಮ್ಮೆ ಊರು ಬದಲು. ತವರು ಎರಡು ರಾತ್ರಿಯ ರೈಲಿನಾಚೆ. ಅಕ್ಕಪಕ್ಕದ ಭಾಷೆ ಬೇರೆ. ಮನೆ ಗಂಡನ ಹೆಸರಲ್ಲಿ, ಕ್ಯಾಂಟೀನ್ ಕಾರ್ಡ್ ಗಂಡನ ಹೆಸರಲ್ಲಿ, ಆಸ್ಪತ್ರೆಗೆ ಹೋಗಬೇಕಾದರೂ ತೋರಿಸುವುದು ಗಂಡನ ನಂಬರ್. ಪದೇ ಪದೇ ವರ್ಗ ಆಗುವುದರಿಂದ ಹೆಂಡತಿಗೆ ಸ್ವಂತ ಕೆಲಸ ನಿಲ್ಲೋದಿಲ್ಲ. ಎಲ್ಲಕ್ಕಿಂತ ದೊಡ್ಡದು, ದೂರು ಕೇಳಬೇಕಾದವರೇ ಗಂಡನ ಮೇಲಧಿಕಾರಿ ಅಥವಾ ಅವರ ಮನೆಯವರು.

ನಮ್ಮಲ್ಲಿ ಸೈನಿಕರ ಪತ್ನಿಯರ ಸಂಘ 'ಆವಾ' 1966ರಿಂದ ಇದೆ. ಕಲಿಕೆ, ಉದ್ಯೋಗ, ವೀರನಾರಿಯರ ನೆರವು ಅಂತ ಬಹಳ ಕೆಲಸ ಮಾಡಿದೆ. ನಮ್ಮಮ್ಮ ಹೊಲಿಗೆ ಕಲಿತದ್ದೂ ಯೂನಿಟ್‌ನ ವೆಲ್ಫೇರ್ ಸೆಂಟರ್‌ನಲ್ಲೇ. ಮೇಡಂ ಎಷ್ಟೇ ಒಳ್ಳೆಯವರಾಗಿರಲಿ, ಅವರಿಗೆ ಹೇಳಿದ್ದು ಅವರಲ್ಲೇ ಉಳಿಯುತ್ತೆ ಅನ್ನೋ ಖಾತ್ರಿ ಆಂಟಿಗೆ ಇರಲಿಲ್ಲ. ತಪ್ಪು ಯಾರೊಬ್ಬರದೂ ಅಲ್ಲ, ಆ ಜಾಗದ್ದು.

ಅಮೆರಿಕ ಮಾಡಿದ ಪ್ರಯೋಗ

ಇದೇ ಗಂಟನ್ನು ಬಿಡಿಸೋಕೆ ಪ್ರತ್ಯೇಕ ವ್ಯವಸ್ಥೆಯನ್ನೇ ಕಟ್ಟಿಕೊಂಡ ಸೈನ್ಯ ಅಮೆರಿಕದ್ದು. ಅದರ ಹೆಸರು 'ಫ್ಯಾಮಿಲಿ ಅಡ್ವೊಕೆಸಿ ಪ್ರೋಗ್ರಾಂ'. 1980ರ ದಶಕದ ಆರಂಭದಿಂದ ನಡೆಯುತ್ತಿದೆ. ಸೈನಿಕ ಕುಟುಂಬಗಳಲ್ಲಿ ಹೆಂಡತಿ ಅಥವಾ ಗಂಡನ ಮೇಲಿನ ಹಿಂಸೆ, ಮಕ್ಕಳ ಮೇಲಿನ ಹಿಂಸೆ ತಡೆಯುವುದು, ಆದಮೇಲೆ ನೆರವಾಗುವುದು ಇದರ ಕೆಲಸ. ಲೈಸೆನ್ಸ್ ಇರುವ ಕೌನ್ಸೆಲರ್‌ಗಳು, ನೊಂದವರ ಪರ ನಿಲ್ಲುವ ಅಡ್ವೊಕೇಟ್‌ಗಳು, ಹೊಸದಾಗಿ ಅಪ್ಪ ಅಮ್ಮ ಆದವರ ಮನೆಗೇ ಹೋಗಿ ಮಾತಾಡಿಸುವ ನರ್ಸ್‌ಗಳು ಇದರಲ್ಲಿದ್ದಾರೆ.

ಇಷ್ಟಿದ್ದೂ 2002ರ ಜೂನ್-ಜುಲೈನಲ್ಲಿ ನಾರ್ತ್ ಕ್ಯಾರೊಲಿನಾದ ಫೋರ್ಟ್ ಬ್ರ್ಯಾಗ್ ನೆಲೆಯಲ್ಲಿ ಆರು ವಾರದೊಳಗೆ ನಾಲ್ವರು ಹೆಣ್ಣುಮಕ್ಕಳು ಸೈನಿಕ ಗಂಡಂದಿರ ಕೈಯಲ್ಲೇ ಸತ್ತರು. ಆ ಗಂಡಂದಿರಲ್ಲಿ ಮೂವರು ಅಫ್ಘಾನಿಸ್ತಾನದಿಂದ ಮರಳಿದವರು. ತನಿಖೆಗೆ ಬಂದ ಸೈನ್ಯದ ತಂಡ ಹುಡುಕಿದಾಗ ಕಂಡದ್ದು ಹಳಸಿದ ದಾಂಪತ್ಯ, ಅದರ ಮೇಲೆ ದೂರದ ನಿಯೋಜನೆಯ ಒತ್ತಡ. ಜೊತೆಗೆ ಇನ್ನೊಂದು: ಸಹಾಯ ಕೇಳಿದರೆ ಕೆಲಸಕ್ಕೆ ಕುತ್ತು ಅನ್ನೋ ಭಯ. ನಮ್ಮ ಆಂಟಿ ಹೇಳಿದ್ದೂ ಅದನ್ನೇ ಅಲ್ವಾ?

2006ರಲ್ಲಿ ಅಲ್ಲಿ ಒಂದು ಮುಖ್ಯ ಬದಲಾವಣೆ ಬಂತು. ನೊಂದವರು ಎರಡು ಬಗೆಯಲ್ಲಿ ಹೇಳಿಕೊಳ್ಳಬಹುದು. ಒಂದು ಬಹಿರಂಗ ದೂರು. ಅದು ಕಮಾಂಡರ್‌ಗೂ ಪೊಲೀಸರಿಗೂ ಹೋಗುತ್ತದೆ, ತನಿಖೆ ನಡೆಯುತ್ತದೆ. ಇನ್ನೊಂದು ಗುಟ್ಟಿನ ದೂರು. ಡಾಕ್ಟರ್, ಕೌನ್ಸೆಲರ್, ಅಡ್ವೊಕೇಟ್ ಮುಂದೆ ಹೇಳಿದ್ದು ಗಂಡನ ಮೇಲಧಿಕಾರಿಗೆ ತಲುಪೋದಿಲ್ಲ. ಆದರೂ ಚಿಕಿತ್ಸೆ, ಕೌನ್ಸೆಲಿಂಗ್, ಸುರಕ್ಷತೆಯ ಪ್ಲ್ಯಾನ್ ಎಲ್ಲ ಸಿಗುತ್ತದೆ. ಪ್ರಾಣಕ್ಕೇ ಅಪಾಯ ಇದ್ದರೆ ಅಥವಾ ಮಗುವಿಗೆ ಹಿಂಸೆ ಆಗಿದ್ದರೆ ಮಾತ್ರ ಗುಟ್ಟು ಇಟ್ಟುಕೊಳ್ಳುವಂತಿಲ್ಲ.

'ಇವರ ಕೆಲಸ ಹೋದ್ರೆ ನಾನು ಮಕ್ಕಳಿಗೆ ಏನು ತಿನ್ನಿಸಲಿ?' ಅನ್ನೋ ಪ್ರಶ್ನೆಗೂ ಅಲ್ಲಿ ಒಂದು ಉತ್ತರ ಇದೆ. ಮನೆಯವರ ಮೇಲಿನ ದೌರ್ಜನ್ಯದ ಕಾರಣಕ್ಕೆ ಸೈನಿಕ ಕೆಲಸ ಕಳೆದುಕೊಂಡರೆ, ಹೆಂಡತಿ ಮಕ್ಕಳಿಗೆ ಗರಿಷ್ಠ 36 ತಿಂಗಳು ತಿಂಗಳ ಹಣ ಕೊಡುವ ಕಾನೂನಿದೆ.

ಕೌನ್ಸೆಲರ್‌ಗೂ ಒಬ್ಬರು ಕೇಳುವವರು

ನನ್ನ ಕೆಲಸದಲ್ಲಿ ಹೊರಗಿನವರಿಗೆ ಕಾಣದ ಭಾಗ ಒಂದಿದೆ. ಅದೇ ಮೇಲ್ವಿಚಾರಣೆ. ಅಟೆಂಡೆನ್ಸ್ ನೋಡೋದು, ಫೈಲಿಗೆ ಸಹಿ ಹಾಕೋದು ಅಲ್ಲ. ಕೌನ್ಸೆಲರ್ ತನ್ನ ಕೇಸನ್ನು ಅನುಭವಿ ಹಿರಿಯರ ಮುಂದಿಟ್ಟು, 'ನಾನು ಏನಾದ್ರೂ ಮಿಸ್ ಮಾಡ್ತಿದ್ದೀನಾ?' ಅಂತ ಕೇಳುವ ವ್ಯವಸ್ಥೆ.

ಒಳ್ಳೆಯ ಮೇಲ್ವಿಚಾರಕರು ಕೇಳುವ ಪ್ರಶ್ನೆಗಳು ಸರಳ. ಹೆಂಡತಿಯ ಜೊತೆ ಒಬ್ಬಳನ್ನೇ ಕೂರಿಸಿ ಮಾತಾಡಿದ್ಯಾ, ಇಲ್ಲ ಗಂಡ ಪಕ್ಕದಲ್ಲೇ ಇದ್ರಾ? ಕತ್ತು ಹಿಸುಕಿದ್ದು ಇದೆಯಾ? ಮನೆಯಲ್ಲಿ ಬಂದೂಕು ಇದೆಯಾ? ಕೊಲ್ತೀನಿ ಅಂದಿದ್ದಾರಾ? ಆಕೆ ಬಸುರಿಯಾ? ಮನೆ ಬಿಟ್ಟು ಹೋಗುವ ಯೋಚನೆಯಲ್ಲಿದ್ದಾಳಾ?

ಇವು ಕುತೂಹಲದ ಪ್ರಶ್ನೆಗಳಲ್ಲ. ಅಮೆರಿಕದ ನರ್ಸಿಂಗ್ ಸಂಶೋಧಕಿ ಜ್ಯಾಕ್ವೆಲಿನ್ ಕ್ಯಾಂಪ್‌ಬೆಲ್ 1980ರ ದಶಕದಲ್ಲಿ ರೂಪಿಸಿದ ಅಪಾಯ ಅಳೆಯುವ ಪಟ್ಟಿಯಲ್ಲಿ ಇಂಥವೇ ಪ್ರಶ್ನೆಗಳಿವೆ. ಕತ್ತು ಹಿಸುಕಿದ ಗುರುತು ಎಷ್ಟೋ ಸಲ ಚರ್ಮದ ಮೇಲೆ ಕಾಣೋದೇ ಇಲ್ಲ. ಆದರೆ ಮುಂದೆ ಪ್ರಾಣ ಹೋಗುವ ಅಪಾಯದ ದೊಡ್ಡ ಸೂಚನೆಗಳಲ್ಲಿ ಅದೂ ಒಂದು. ಹೊಸ ಕೌನ್ಸೆಲರ್ 'ಬರೀ ತಳ್ಳಾಟ' ಅಂತ ಬರೆದ ಕಡೆ, ಹಿರಿಯರು ಈ ಒಂದು ಪ್ರಶ್ನೆ ಕೇಳಿ ಕೇಸಿನ ದಾರಿಯನ್ನೇ ಬದಲಿಸಿದ್ದನ್ನು ನಾನು ನೋಡಿದ್ದೀನಿ.

ಇನ್ನೊಂದು ತಪ್ಪು ಎಲ್ಲ ಕಡೆ ಆಗುತ್ತೆ. ಗಂಡ ಹೆಂಡತಿ ಇಬ್ಬರನ್ನೂ ಎದುರುಬದುರು ಕೂರಿಸಿ, 'ಹೊಂದ್ಕೊಂಡು ಹೋಗಿ' ಅನ್ನೋದು. ಹೊಡೆತ ನಡೀತಾ ಇರುವ ಮನೆಯಲ್ಲಿ ಆಕೆ ಕೌನ್ಸೆಲಿಂಗ್ ರೂಮಿನಲ್ಲಿ ಬಾಯಿಬಿಟ್ಟ ಮಾತಿಗೆ ಆ ರಾತ್ರಿ ಲೆಕ್ಕ ಕೊಡಬೇಕಾಗಬಹುದು. ಹಾಗಾಗಿ ಮೊದಲು ಬೇರೆ ಬೇರೆ, ಮೊದಲು ಸುರಕ್ಷತೆ. ರಾಜಿ ಮಾತು ಆಮೇಲೆ, ಆಕೆಗೆ ಬೇಕಿದ್ದರೆ ಮಾತ್ರ.

ಮೇಲ್ವಿಚಾರಣೆ ಕೌನ್ಸೆಲರ್‌ಗೂ ಬೇಕು. ದಿನಾ ಇಂಥದ್ದೇ ಕೇಳಿ ಕೇಳಿ ಮನಸ್ಸು ಜಡ್ಡುಗಟ್ಟುತ್ತೆ. 'ಎಲ್ಲ ಮನೆಯಲ್ಲೂ ಇದೇ ಕಥೆ' ಅನಿಸೋಕೆ ಶುರುವಾದ ದಿನ ನಾವು ಕೇಳಿಸಿಕೊಳ್ಳೋದು ನಿಲ್ಲಿಸಿರ್ತೀವಿ. ಅದನ್ನು ಗುರುತಿಸಿ ಹೇಳೋಕೆ ಇನ್ನೊಬ್ಬರು ಬೇಕು.

ವ್ಯವಸ್ಥೆ ಇದ್ದೂ ಎಡವಿದಾಗ

ಅಮೆರಿಕದ್ದೇ ಮಾದರಿ, ಅದನ್ನೇ ತಂದುಬಿಡೋಣ ಅಂತ ನಾನು ಹೇಳೋದಿಲ್ಲ. ಅಲ್ಲಿನ ಸರ್ಕಾರಿ ಲೆಕ್ಕ ಪರಿಶೋಧನಾ ಸಂಸ್ಥೆ 2021ರಲ್ಲಿ ಕೊಟ್ಟ ವರದಿಯ ಪ್ರಕಾರ, 2015ರಿಂದ 2019ರ ಐದು ವರ್ಷದಲ್ಲಿ ಸೈನ್ಯವೇ ಕೌಟುಂಬಿಕ ದೌರ್ಜನ್ಯ ಅಂತ ಒಪ್ಪಿಕೊಂಡ ಘಟನೆಗಳು 40,000ಕ್ಕೂ ಹೆಚ್ಚು.

ಒಂದು ಎಂಟ್ರಿ ತಪ್ಪಿದರೆ ಏನಾಗುತ್ತೆ ಅನ್ನೋದಕ್ಕೂ ಅಲ್ಲೇ ಉದಾಹರಣೆ ಇದೆ. ಹೆಂಡತಿ ಮತ್ತು ಪುಟ್ಟ ಮಲಮಗನಿಗೆ ಹೊಡೆದ ತಪ್ಪಿಗೆ ವಾಯುಪಡೆಯ ಒಬ್ಬನಿಗೆ 2012ರಲ್ಲಿ ಕೋರ್ಟ್ ಮಾರ್ಷಲ್‌ನಲ್ಲಿ ಶಿಕ್ಷೆಯಾಗಿತ್ತು. ಅಂಥವರ ಕೈಗೆ ಬಂದೂಕು ಸಿಗಬಾರದು ಅಂತ ಅಲ್ಲಿ ಕಾನೂನಿದೆ. ಆದರೆ ವಾಯುಪಡೆ ಆ ಶಿಕ್ಷೆಯ ವಿವರವನ್ನು ಎಫ್‌ಬಿಐಗೆ ಕಳಿಸಲೇ ಇಲ್ಲ. ಆತ ಅಂಗಡಿಯಲ್ಲಿ ಬಂದೂಕು ಕೊಂಡ. 2017ರ ನವೆಂಬರ್‌ನಲ್ಲಿ ಟೆಕ್ಸಾಸ್‌ನ ಸದರ್‌ಲ್ಯಾಂಡ್ ಸ್ಪ್ರಿಂಗ್ಸ್ ಚರ್ಚಿಗೆ ನುಗ್ಗಿ ಗುಂಡು ಹಾರಿಸಿದ. ಹೊಟ್ಟೆಯಲ್ಲಿದ್ದ ಮಗುವೂ ಸೇರಿ 26 ಜೀವ ಹೋಯಿತು. ಮನೆಯೊಳಗಿನ ಹಿಂಸೆ ಮನೆಯೊಳಗೇ ಇರುತ್ತೆ ಅಂತ ನಂಬುವವರು ಇದನ್ನೊಮ್ಮೆ ನೆನೆಯಬೇಕು.

ನಮ್ಮಲ್ಲಿ ಏನಿದೆ?

ಗೊತ್ತಿಲ್ಲದ ಕಾರಣಕ್ಕೇ ಬಳಕೆಯಾಗದ ದಾರಿಗಳು ನಮ್ಮಲ್ಲೂ ಇವೆ. ನಿಮ್ಮ ತಂಗಿಯೋ ಗೆಳತಿಯೋ ಸೈನಿಕನನ್ನು ಮದುವೆಯಾಗಿ ದೂರದ ಊರಿನಲ್ಲಿದ್ದರೆ ಇಷ್ಟು ತಿಳಿದಿರಲಿ.

ಮೊದಲನೆಯದು, ಕನ್ನಡದಲ್ಲೇ ಮಾತಾಡಬಹುದಾದ ಟೆಲಿ ಮಾನಸ್. ನಂಬರ್ 14416. 2022ರ ಅಕ್ಟೋಬರ್‌ನಲ್ಲಿ ಶುರುವಾದ ಈ ಸಹಾಯವಾಣಿ ದಿನವಿಡೀ ಇರುತ್ತದೆ, ಹಣ ಕೊಡಬೇಕಿಲ್ಲ. ಇದರ ಮುಖ್ಯ ಕೇಂದ್ರ ನಮ್ಮ ನಿಮ್ಹಾನ್ಸ್. ಸೈನಿಕರು ಮತ್ತು ಅವರ ಮನೆಯವರಿಗಾಗಿ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ 2023ರ ಡಿಸೆಂಬರ್‌ನಲ್ಲಿ ಒಂದು ವಿಶೇಷ ಘಟಕವೂ ಆರಂಭವಾಯಿತು. ನಿದ್ದೆ ಬಾರದ, ಸಿಟ್ಟು ತಡೆಯಲಾರದ ಸೈನಿಕನೂ ಸಹಾಯವಾಣಿಗೆ ಫೋನ್ ಮಾಡಬಹುದು. ತಡೆಗಟ್ಟುವಿಕೆ ಶುರುವಾಗೋದು ಅಲ್ಲಿಂದಲೇ.

ಎರಡನೆಯದು, 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ. ಯೂನಿಫಾರ್ಮ್ ಹಾಕಿದವರಿಗೂ ಇದು ಅನ್ವಯಿಸುತ್ತದೆ. ಹೊಡೆತ ಮಾತ್ರವಲ್ಲ, ಬೈಗುಳ, ಬೆದರಿಕೆ, ಖರ್ಚಿಗೆ ಹಣ ಕೊಡದಿರುವುದೂ ಇದರಲ್ಲಿ ದೌರ್ಜನ್ಯವೇ. ಘಟನೆ ಪಠಾಣ್‌ಕೋಟ್‌ನಲ್ಲೇ ಆಗಿರಲಿ, ಆಕೆ ಹಾಸನದ ತವರಿಗೆ ಬಂದು ಅಲ್ಲಿನ ಮ್ಯಾಜಿಸ್ಟ್ರೇಟ್ ಮುಂದೆ ಅರ್ಜಿ ಹಾಕಬಹುದು. ತಾತ್ಕಾಲಿಕವಾಗಿ ಇರುವ ಊರಾದರೂ ಸಾಕು. ನೆರವಿಗೆ ಸಂರಕ್ಷಣಾಧಿಕಾರಿ ಇರುತ್ತಾರೆ. ನಮ್ಮ ರಾಜ್ಯದ ತಾಲ್ಲೂಕುಗಳಲ್ಲಿ ಸಾಮಾನ್ಯವಾಗಿ ಸಿಡಿಪಿಓ ಅವರೇ ಈ ಹೊಣೆ ಹೊತ್ತಿರುತ್ತಾರೆ.

ಈ ಕಾಯ್ದೆಯ ನಿಯಮಗಳಲ್ಲಿ ನನಗೆ ತುಂಬ ಇಷ್ಟವಾದದ್ದೊಂದಿದೆ. ಕೋರ್ಟ್ ಆದೇಶದ ಮೇಲೆ ನಡೆಯುವ ಕೌನ್ಸೆಲಿಂಗ್‌ನಲ್ಲಿ, 'ಅವಳು ಹಾಗಂದಿದ್ದಕ್ಕೇ ನಾನು ಹೊಡೆದೆ' ಅಂತ ಗಂಡ ಸಮರ್ಥನೆ ಕೊಡುವಂತಿಲ್ಲ. ಅದನ್ನು ಕೌನ್ಸೆಲರ್ ಮೊದಲೇ ಅವರಿಗೆ ಹೇಳಬೇಕು. ಕೌನ್ಸೆಲಿಂಗ್‌ನ ಗುರಿ ಹಿಂಸೆ ಮತ್ತೆ ಆಗದಂತೆ ಭರವಸೆ ಪಡೆಯೋದು.

ಮೂರನೆಯದು ದುಡ್ಡಿನ ವಿಷಯ. ಗಂಡ ಮನೆಗೆ ಹಣ ಕಳಿಸದೆ ಕೈಬಿಟ್ಟರೆ, ಹೆಂಡತಿ ಮಕ್ಕಳ ಜೀವನಾಂಶವನ್ನು ಅವರ ಸಂಬಳದಿಂದಲೇ ಕಡಿತ ಮಾಡಿ ಕೊಡಿಸಲು 1950ರ ಸೇನಾ ಕಾಯ್ದೆಯಲ್ಲೇ ಅವಕಾಶ ಇದೆ. ಅದಕ್ಕೆ ಗಂಡನ ಯೂನಿಟ್‌ನ ಕಮಾಂಡಿಂಗ್ ಆಫೀಸರ್‌ಗೆ ಬರೆಯಬೇಕು. ಗಂಡನ ಸರ್ವೀಸ್ ನಂಬರ್, ಯೂನಿಟ್ ಹೆಸರು, ಮದುವೆಯ ದಾಖಲೆ, ಮಕ್ಕಳ ಜನನ ಪ್ರಮಾಣಪತ್ರದ ಫೋಟೋ ತೆಗೆದು ನಂಬಿಕಸ್ತರೊಬ್ಬರ ಫೋನಿಗೆ ಕಳಿಸಿಡಿ.

ತುರ್ತಾದರೆ 112. ಮಹಿಳಾ ಸಹಾಯವಾಣಿ 181. ಮಗುವಿಗೆ ಅಪಾಯ ಇದ್ದರೆ 1098. ಜಿಲ್ಲೆಯ ಸಖಿ ಒನ್ ಸ್ಟಾಪ್ ಸೆಂಟರ್‌ನಲ್ಲಿ ಚಿಕಿತ್ಸೆ, ಕೌನ್ಸೆಲಿಂಗ್, ಪೊಲೀಸ್ ಮತ್ತು ವಕೀಲರ ನೆರವು, ಕೆಲ ದಿನ ಉಳಿಯಲು ಜಾಗ ಒಂದೇ ಕಡೆ ಸಿಗುತ್ತದೆ. ಫೋನ್ ಗಂಡ ಚೆಕ್ ಮಾಡ್ತಾರೆ ಅಂದರೆ ಈ ನಂಬರ್‌ಗಳನ್ನು 'ಗ್ಯಾಸ್ ಬುಕಿಂಗ್', 'ಟೈಲರ್ ಅಂಗಡಿ' ಅಂತ ಸೇವ್ ಮಾಡಿಕೊಳ್ಳಿ. ಕರೆ ಮುಗಿದ ಮೇಲೆ ಕಾಲ್ ಹಿಸ್ಟರಿ ಅಳಿಸಿ.

ಇನ್ನೂ ಬೇಕಾದದ್ದು

ಇಷ್ಟಿದ್ದರೂ ಒಂದು ಕೊರತೆ ಇದೆ. ಕಂಟೋನ್ಮೆಂಟ್‌ನ ಒಳಗೇ, ಆದರೆ ಕಮಾಂಡ್‌ನ ಸಾಲಿನಿಂದ ಹೊರಗೆ ನಿಂತು ಕೇಳುವ ಕೌನ್ಸೆಲರ್ ಬೇಕು. ಆಕೆ ಹೇಳಿದ್ದು ಎಲ್ಲಿಯವರೆಗೆ ಗುಟ್ಟು, ಯಾವಾಗ ಅಲ್ಲ ಅಂತ ಮೊದಲ ದಿನವೇ ತಿಳಿಸಬೇಕು. ಆ ಕೌನ್ಸೆಲರ್‌ನ ಕೆಲಸವನ್ನು ಗಂಡನ ಮೇಲಧಿಕಾರಿ ಅಲ್ಲ, ಅದೇ ವಿದ್ಯೆ ಕಲಿತ ಹಿರಿಯರು ನೋಡಿಕೊಳ್ಳಬೇಕು. ಇದು ಸೈನ್ಯದ ವಿರುದ್ಧದ ಮಾತಲ್ಲ. ಮನೆಯಲ್ಲಿ ನೆಮ್ಮದಿ ಇಲ್ಲದ ಸೈನಿಕ ಗಡಿಯಲ್ಲಿ ನಿಂತರೂ ಮನಸ್ಸು ಅಲ್ಲಿರೋದಿಲ್ಲ ಅಂತ ಯಾವ ಸುಬೇದಾರ್ ಸಾಹೇಬರನ್ನು ಕೇಳಿದರೂ ಹೇಳ್ತಾರೆ.

ಆಂಟಿ ಏನಾದರು ಅಂತ ನಮಗೆ ಗೊತ್ತಿಲ್ಲ. ಅಪ್ಪನಿಗೆ ವರ್ಗವಾಯಿತು, ಸಾಮಾನು ಟ್ರಂಕಿಗೆ ತುಂಬಿದೆವು, ಹೊರಟೆವು. ಆಗ ಮೊಬೈಲ್ ಇರಲಿಲ್ಲ. ಈ ಲೇಖನ ಬರೀತೀನಿ ಅಂದಾಗ ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಟಿವಿ ಜೋರು ಮಾಡೋ ಬದಲು ಒಂದ್ಸಲ ಬಾಗಿಲು ತಟ್ಟಬೇಕಿತ್ತು ಕಣೇ. ಸಕ್ಕರೆ ಕೇಳೋ ನೆಪದಲ್ಲಾದ್ರೂ' ಅಂದರು.

ನಿಮ್ಮ ಗೋಡೆಯಾಚೆಯೂ ಸದ್ದು ಕೇಳುತ್ತಿದ್ದರೆ, ಜಗಳದ ಮಧ್ಯೆ ನುಗ್ಗಬೇಕಿಲ್ಲ. ಆ ಕ್ಷಣಕ್ಕೆ 112ಕ್ಕೆ ಫೋನ್ ಮಾಡಿ. ಮಾರನೇ ದಿನ ಆಕೆ ಒಬ್ಬಳೇ ಸಿಕ್ಕಾಗ, 'ನಿನ್ನೆ ಕೇಳಿಸ್ತು. ನಾನಿದ್ದೀನಿ. ಯಾವಾಗ ಬೇಕಾದ್ರೂ ಬಾ' ಅನ್ನಿ. ಆಕೆ ಅವತ್ತು ಬರದೇ ಇರಬಹುದು. ಬರಬೇಕು ಅನ್ನಿಸಿದ ದಿನ ಎಲ್ಲಿಗೆ ಅನ್ನೋದು ಗೊತ್ತಿರುತ್ತೆ.